ಮೂರನೆಯ ಚುಕ್ಕಿ

ಕೊಡಿಗೇಹಳ್ಳಿಯ ಬಾಡಿಗೆ ಕೋಣೆಯಿಂದ ಸೈಕಲ್ಲನ್ನು ಹೊರಗೆ ತಳ್ಳುವಾಗಲೇ ಆಂಜಿನಪ್ಪನಿಗೆ ಗೊತ್ತಿತ್ತು, ಆ ಚುಕ್ಕಿ ಇವತ್ತೂ ತನ್ನನ್ನು ಬಿಡುವುದಿಲ್ಲವೆಂದು. ಗ್ರಾಫ್ ಹಾಳೆಯನ್ನು ಸುರುಳಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಿ ತೂರಿಸಿ, ಕ್ಯಾರಿಯರಿಗೆ ಸೆಣಬಿನ ದಾರದಿಂದ ಬಿಗಿದಿದ್ದ. ಬಿಚ್ಚಿ ನೋಡಬೇಕಾಗಿರಲಿಲ್ಲ. ಹದಿಮೂರು ಚುಕ್ಕಿಗಳು ಕಣ್ಣೊಳಗೇ ಇದ್ದವು. ಮೊದಲನೆಯದು ಹಾಳೆಯ ಎಡ ಅಂಚಿನಲ್ಲಿ, ಎತ್ತರದಲ್ಲಿ ಒಂಟಿಯಾಗಿ ಕೂತಿತ್ತು. ಎರಡನೆಯದು ಅದರ ಅರ್ಧಕ್ಕೆ ಇಳಿದಿತ್ತು. ನಾಲ್ಕನೆಯದರಿಂದ ಕೊನೆಯದರವರೆಗಿನವು ಸಂಜೆ ಕೆರೆಗೆ ಇಳಿಯುವ ಆಡುಗಳ ಹಾಗೆ ಒಂದರ ಬಾಲ ಒಂದು ಹಿಡಿದು ಸಾಲಾಗಿ ತಗ್ಗಿಗೆ ಹೋಗುತ್ತಿದ್ದವು. ಮೂರನೆಯದು ಮಾತ್ರ ಮೇಲಿನ ಎರಡಕ್ಕೂ ಸೇರದೆ ಆಡುಗಳ ಸಾಲಿಗೂ ಸೇರದೆ ನಡುವೆ ನಿಂತಿತ್ತು. ಸಾಲಿಗೆ ಸ್ಕೇಲು ತಾಗಿಸಿ ಪೆನ್ಸಿಲಿನಲ್ಲಿ ಹಿಂದಕ್ಕೆ ಗೆರೆ ಎಳೆದರೆ ಆ ಗೆರೆ ಮೂರನೆಯ ಚುಕ್ಕಿಯ ಕೆಳಗೆ ಹಾದುಹೋಗುತ್ತಿತ್ತು. ಎಷ್ಟು ಕೆಳಗೆ ಎಂದು ಅಳೆದಿದ್ದ. ಆರು ಮಿಲಿಮೀಟರ್. ನಾಲ್ಕು ರಾಗಿಕಾಳು ಪಕ್ಕಪಕ್ಕ ಇಟ್ಟರೆ ಎಷ್ಟೋ ಅಷ್ಟು. ಇಟ್ಟೂ ನೋಡಿದ್ದ. ಮೂವತ್ತೊಂದು ವರ್ಷದ ಗಂಡಸು ಗ್ರಾಫ್ ಹಾಳೆಯ ಮೇಲೆ ರಾಗಿಕಾಳು ಜೋಡಿಸಿಕೊಂಡು ಕೂತದ್ದನ್ನು ಯಾರಾದರೂ ಕಂಡರೆ ಏನಂದುಕೊಂಡಾರು ಎಂದು ಆಮೇಲೆ ನಾಚಿಕೆಯಾಗಿತ್ತು.

ಹೋದ ವರ್ಷ, ಎಪ್ಪತ್ತೆಂಟರ ಮುಂಗಾರಿನಲ್ಲಿ, ಹೆಬ್ಬಾಳದ ಕೆರೆಯ ಮೇಲ್ಗಡೆಯ ಸಂಶೋಧನಾ ತಾಕಿನಲ್ಲಿ ನೂರಹನ್ನೆರಡು ಬಗೆಯ ರಾಗಿಯನ್ನು ನೂರಹನ್ನೆರಡು ಸಾಲುಗಳಲ್ಲಿ ಹಾಕಿಸಿದ್ದರು. ಒಂದೊಂದು ಸಾಲಿನಿಂದ ಐದೈದು ಗಿಡ ಆರಿಸಿ ಹದಿಮೂರು ಅಳತೆ ತೆಗೆಯಬೇಕು: ಗಿಡದ ಎತ್ತರ, ಬುಡದಿಂದ ಹೊಡೆದ ತೆಂಡೆಗಳ ಲೆಕ್ಕ, ತೆನೆಯ ಬೆರಳುಗಳ ಲೆಕ್ಕ, ಬೆರಳಿನ ಉದ್ದ, ಅಗಲ, ತೆನೆಯ ತೂಕ, ಸಾವಿರ ಕಾಳಿನ ತೂಕ, ಹೀಗೆ. ಹದಿಮೂರು ಅಳತೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಎತ್ತರದ ಗಿಡಕ್ಕೆ ತೆನೆಯೂ ದೊಡ್ಡದು, ತಡವಾಗಿ ಹೂ ಬಿಟ್ಟದ್ದಕ್ಕೆ ಹುಲ್ಲು ಜಾಸ್ತಿ. ಆ ಸಿಕ್ಕು ಬಿಡಿಸಿ, ಹದಿಮೂರರ ಹಿಂದೆ ನಿಜವಾಗಿ ಎಷ್ಟು ಸಂಗತಿಗಳು ಕೆಲಸ ಮಾಡುತ್ತಿವೆ ಎಂದು ಹೇಳುವುದೇ ಅವನ ಪ್ರಬಂಧ. ರಂಧ್ರ ಕೊರೆದ ಕಾರ್ಡುಗಳನ್ನು ಎರಡು ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಊರೊಳಗಿನ ದೊಡ್ಡ ಸಂಸ್ಥೆಯ ಕಂಪ್ಯೂಟರಿಗೆ ಒಪ್ಪಿಸಿ, ಹನ್ನೊಂದು ದಿನ ಕಾದು, ಅಗಲದ ಹಾಳೆಯಲ್ಲಿ ಅಚ್ಚಾಗಿ ಬಂದ ಉತ್ತರವನ್ನು ಎತ್ತಿಕೊಂಡು ಬಂದಿದ್ದ. ಕಂಪ್ಯೂಟರು ಸಿಕ್ಕು ಬಿಡಿಸಿ ಹದಿಮೂರು ಹೊಸ ಎಳೆಗಳನ್ನು ಕೊಟ್ಟಿತ್ತು, ದಪ್ಪದ್ದು ಮೊದಲು, ತೆಳ್ಳಗಿನದು ಕೊನೆಗೆ. ಒಂದೊಂದು ಎಳೆಯ ದಪ್ಪವನ್ನು ಹೇಳುವ ಅಂಕಿಯೇ ಐಗನ್ ಮೌಲ್ಯ. ಐದು ಪಾಯಿಂಟ್ ಎರಡು ಎರಡು. ಎರಡು ಪಾಯಿಂಟ್ ಏಳು ಒಂದು. ಒಂದು ಪಾಯಿಂಟ್ ಒಂದು ಏಳು. ಅಲ್ಲಿಂದ ಮುಂದೆ ಎಲ್ಲ ಸೊನ್ನೆ ಪಾಯಿಂಟಿನವು.

ಮೊಯಿನುದ್ದೀನ್ ಸಾಹೇಬರು, ಅವನ ಗೈಡು, ಆ ಅಂಕಿಗಳನ್ನು ಚುಕ್ಕಿ ಇಟ್ಟು ನೋಡು ಎಂದಿದ್ದರು. ಒಂದಕ್ಕಿಂತ ಜಾಸ್ತಿ ಇರುವುದನ್ನೆಲ್ಲ ಇಟ್ಟುಕೊ ಅನ್ನುವುದು ಸೋಮಾರಿಗಳ ಕಾನೂನು, ಕಣ್ಣಿಟ್ಟು ನೋಡಬೇಕು ಎಂದಿದ್ದರು. ಯಲಹಂಕದಾಚೆಯಿಂದ ಬಂದವನು ನೀನು, ಬೆಳಿಗ್ಗೆ ಮೋಡ ಇಲ್ಲದಾಗ ನಂದಿ ಬೆಟ್ಟ ಕಂಡಿರುತ್ತೀಯ, ಬೆಟ್ಟ ಕಡಿದಾಗಿ ಇಳಿಯುತ್ತದೆ, ಬುಡದಲ್ಲಿ ಉದುರಿದ ಕಲ್ಲುಪುಡಿ ರಾಶಿ ಬಿದ್ದು ಸಣ್ಣಗೆ ಜಾರಿಕೊಂಡು ಹೋಗಿರುತ್ತದೆ. ಬೆಟ್ಟ ಎಲ್ಲಿ ಮುಗಿಯಿತು, ಕಲ್ಲುರಾಶಿ ಎಲ್ಲಿ ಶುರುವಾಯಿತು, ಅಲ್ಲಿ ಗೆರೆ ಹಾಕು. ಮೇಲಿರುವುದನ್ನು ಇಟ್ಟುಕೊ, ಕೆಳಗಿರುವುದನ್ನು ಬಿಡು. ಇಷ್ಟು ಹೇಳಿ ಫ್ಲಾಸ್ಕಿನಿಂದ ಟೀ ಬಗ್ಗಿಸಿ, ಮುಚ್ಚಳದಲ್ಲಿ ಅರ್ಧ ಅವನಿಗೂ ಕೊಟ್ಟಿದ್ದರು. ಮೊದಲನೆಯ ಎಳೆ ಗಿಡದ ಒಟ್ಟು ಬೆಳವಣಿಗೆ, ಎರಡನೆಯದು ಬೇಗ ಮಾಗುವುದು ತಡವಾಗಿ ಮಾಗುವುದು, ಇವೆರಡು ಬೆಟ್ಟ ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮೂರನೆಯದರ ಮೇಲೆ ಸಾಹೇಬರು ಬೆರಳಿಟ್ಟು ಇದೇನು ಎಂದು ಕೇಳಿದ್ದರು. ಒಂದು ಸಲವಲ್ಲ, ಮೂರು ಸಲ, ಮೂರು ಬೇರೆ ಬೇರೆ ತಿಂಗಳಲ್ಲಿ.

ಇದೇನು ಅನ್ನುವುದಕ್ಕೆ ಆಂಜಿನಪ್ಪ ಒಂದು ಹೆಸರು ಕೊಟ್ಟಿದ್ದ. ಮೂರನೆಯ ಎಳೆ ಬಲವಾಗಿದ್ದ ಸಾಲುಗಳೆಲ್ಲ ತಾಕಿನ ಪಡುವಣ ಭಾಗದಲ್ಲಿದ್ದವು. ನಡುವೆ ನೀರುಗಾಲುವೆ ಹಾದು ತಾಕನ್ನು ಎರಡು ಮಾಡಿತ್ತು. ಒಂದರಿಂದ ಐವತ್ತಾರರವರೆಗಿನ ಸಾಲುಗಳು ಪಡುವಲಿನ ನೀರು ನಿಲ್ಲದ ಗರಸು ನೆಲದಲ್ಲಿ, ಐವತ್ತೇಳರಿಂದ ಮೇಲಿನವು ಮೂಡಲಿನ ಒಳ್ಳೆಯ ಮಣ್ಣಿನಲ್ಲಿ. ಪಡುವಲಿನಲ್ಲಿ ಗಿಡ ಗಿಡ್ಡವಾಗಿದ್ದರೂ ತೆನೆ ತೂಕವಾಗಿತ್ತು, ಬೆರಳು ಅಗಲವಾಗಿತ್ತು. ಒಣ ನೆಲದಲ್ಲೂ ತೆನೆ ತುಂಬುವ ಗುಣ. ಅದಕ್ಕೆ ಅವನು ಬರ ತಡೆಯುವ ಗುಣ ಎಂದು ಹೆಸರಿಟ್ಟ. ಸೆಮಿನಾರಿನಲ್ಲಿ ಅದನ್ನು ಹೇಳಿದಾಗ ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದ ಡೈರೆಕ್ಟರು ನೆಟ್ಟಗೆ ಕೂತರು. ಮುಗಿದ ಮೇಲೆ ಹೆಗಲ ಮೇಲೆ ಕೈಯಿಟ್ಟು, ಇದನ್ನು ಬೇಗ ಬರೆದು ಮುಗಿಸಪ್ಪ, ನಿನಗೊಂದು ಜಾಗ ನೋಡೋಣ ಎಂದರು. ಹಾಗೆ ಮುಟ್ಟಿಸಿಕೊಂಡ ಹೆಗಲು ಎರಡು ದಿನ ಬೇರೆಯವರದೆಂಬ ಹಾಗೆ ಬೆಚ್ಚಗಿತ್ತು. ಬರ ತಡೆಯುವ ಗುಣ ಐದನೆಯ ಅಧ್ಯಾಯವಾಯಿತು. ಪ್ರಬಂಧದಲ್ಲಿ ಯಾರಾದರೂ ಓದುವುದಿದ್ದರೆ ಅದೊಂದೇ. ಇವತ್ತು ನಾಲ್ಕು ಗಂಟೆಗೆ ಸಾಹೇಬರು ಸಹಿ ಹಾಕುವವರಿದ್ದರು. ಟೈಪಾದ ಮೊದಲ ಪುಟದಲ್ಲಿ ಪಿ. ಎಂ. ಆಂಜಿನಪ್ಪ ಎಂದಿತ್ತು. ಮನೆಯಲ್ಲಿ ಇಟ್ಟ ಹೆಸರು ಮುನಿಆಂಜಿನಪ್ಪ. ಮುನಿಯನ್ನು ಒಂದು ಅಕ್ಷರಕ್ಕೆ ಇಳಿಸಿ ಮುಂದೆ ಚುಕ್ಕಿ ಇಟ್ಟದ್ದು ಬಿ.ಎಸ್ಸಿ. ಮೊದಲ ವರ್ಷದಲ್ಲಿ.

ಅವನಿಗೆ ಗೊತ್ತಿದ್ದೂ ನೋಡದೆ ಬಿಟ್ಟ ಒಂದು ಸಂಗತಿಯಿತ್ತು. ಮಣ್ಣು ಒಂದೇ ಹೆಜ್ಜೆಗೆ ಬದಲಾಗುವುದಿಲ್ಲ. ಕಾಲುವೆಗೆ ಹತ್ತಿರವಾದಂತೆ ತೇವ ಏರುತ್ತ ಬರುತ್ತದೆ, ಐವತ್ತಾರನೆಯ ಸಾಲಿನ ಬುಡದಲ್ಲಿ ನೀರು ಜಿನುಗುತ್ತಲೇ ಇರುತ್ತದೆ. ಮೂರನೆಯ ಎಳೆ ಮಣ್ಣಿನದೇ ಆಗಿದ್ದರೆ ಮೊದಲ ಸಾಲಿನಲ್ಲಿ ಬಲವಾಗಿದ್ದು ಐವತ್ತಾರರ ಹೊತ್ತಿಗೆ ತಗ್ಗಬೇಕಿತ್ತು. ತಗ್ಗಿರಲಿಲ್ಲ. ಐವತ್ತಾರರಲ್ಲೂ ಅಷ್ಟೇ ಜೋರಾಗಿದ್ದು, ಕಾಲುವೆ ದಾಟಿ ಐವತ್ತೇಳಕ್ಕೆ ಬಂದರೆ ಮೆಟ್ಟಿಲು ತಪ್ಪಿದ ಹಾಗೆ ಧುಪ್ಪೆಂದು ಬೀಳುತ್ತಿತ್ತು. ಪಟ್ಟಿಯನ್ನು ನೋಡುತ್ತಿದ್ದಾಗ ಆ ಜಾಗಕ್ಕೆ ಬಂದರೆ ಅವನ ಕಣ್ಣು ತಾನಾಗಿ ಮುಂದಿನ ಪುಟಕ್ಕೆ ಹೋಗುತ್ತಿತ್ತು.

ಬಳ್ಳಾರಿ ರಸ್ತೆಗೆ ಬರುವವರೆಗೂ ಎರಡೂ ಕಡೆ ದ್ರಾಕ್ಷಿ ತೋಟಗಳು. ಚಪ್ಪರದ ಕೆಳಗೆ ಮೈಲುತುತ್ತ ಹೊಡೆದ ನೀಲಿ ವಾಸನೆ. ಡಿಸೆಂಬರಿನ ಮಂಜು ಕೆರೆಯ ಮೇಲೆ ಇನ್ನೂ ಕರಗಿರಲಿಲ್ಲ. ಸಂಶೋಧನಾ ಕೇಂದ್ರದ ಗೇಟು ದಾಟಿದವನು ಆಫೀಸಿನ ಕಡೆ ತಿರುಗದೆ ತಾಕಿನ ದಾರಿ ಹಿಡಿದ. ಯಾಕೆಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅದೇ ನೂರಹನ್ನೆರಡು ಬಗೆಯನ್ನು ಈ ವರ್ಷವೂ ಹಾಕಿದ್ದರು. ಒಂದು ವಾರದಲ್ಲಿ ಕುಯ್ಲು. ಪಂಪ್‌ಹೌಸಿನ ಕಟ್ಟೆಯ ಮೇಲೆ ತಾಕಿನ ಉಸ್ತುವಾರಿಯ ಖಾದರ್ ಬಾಷಾ ಮಫ್ಲರ್ ಕಿವಿಗೆ ಸುತ್ತಿಕೊಂಡು ಬೀಡಿ ಹಚ್ಚುತ್ತಿದ್ದವನು ಕ್ಯಾರಿಯರಿನ ಸುರುಳಿಯನ್ನು ನೋಡಿ ನಕ್ಕ. "ಏನ್ ಸಾ, ಇನ್ನೂ ಅದೇ ಹಾಳೆನಾ? ಹೆಣ್ಣಿನ್ ಫೋಟೋ ನೋಡ್ದಂಗೆ ಆರು ತಿಂಗ್ಳಿಂದ ನೋಡ್ತಾ ಇದ್ದೀರಲ್ಲ. ಒಪ್ಪಿಗೆ ಇಲ್ಲ ಅಂದ್ರೆ ವಾಪಸ್ ಕಳ್ಸಿಬಿಡಿ ಪಾಪ, ಅವ್ರೂ ಬೇರೆ ಕಡೆ ನೋಡ್ಲಿ." ಆಂಜಿನಪ್ಪ ನಗಲು ನೋಡಿದ. ಮೂಡಲ ಭಾಗದ ಐವತ್ತಾರು ಸಾಲುಗಳ ಅಳತೆ ಹೋದ ವರ್ಷ ಈ ಮನುಷ್ಯನದು. ಸಾಲಿಗೆ ಐದರಂತೆ ಲಾಟರಿಯ ಹಾಗೆ ಅಂಕಿ ಎತ್ತಿ ಬರೆದ ಚೀಟಿ ನೋಡಿ, ಸಾಲಿನಲ್ಲಿ ಏಳನೆಯ ಗಿಡ ಅಂದರೆ ಏಳನೆಯದು, ಹದಿನೇಳು ಅಂದರೆ ಹದಿನೇಳು, ಅದು ಒಣಗಿರಲಿ ಮುರಿದಿರಲಿ ಕಿತ್ತು ತಂದು ಅಳೆಯುತ್ತಿದ್ದ. ಯಾವ ಗಿಡ ಅನ್ನುವುದನ್ನು ಚೀಟಿಯೇ ಹೇಳಬೇಕು, ಕಣ್ಣು ಹೇಳಕೂಡದು. ಇಲ್ಲದಿದ್ದರೆ ಅಳತೆ ಸಾಲಿನದಾಗುವುದಿಲ್ಲ, ನೋಡಿದವರ ಇಷ್ಟದ್ದಾಗುತ್ತದೆ.

ಪಡುವಲಿನ ಸಾಲುಗಳಿಂದ ಅಳತೆಗೆ ಗಿಡ ಕಿತ್ತುಕೊಟ್ಟವಳು ಮುನಿಗಂಗಮ್ಮ.

ಅವಳು ಈಗಲೂ ಅಲ್ಲೇ ಇದ್ದಳು, ಸೊಂಟಕ್ಕೆ ಸೆರಗು ಬಿಗಿದು, ಎದೆಯೆತ್ತರದ ರಾಗಿಯ ನಡುವೆ. ದಿನವೂ ಪುಟ್ಟೇನಹಳ್ಳಿಯಿಂದ ಯಲಹಂಕಕ್ಕೆ ನಡೆದು, ಆರೂವರೆಯ ಬಸ್ಸು ಹಿಡಿದು ಬರುತ್ತಾಳೆ. ಕೂಲಿ ಹೆಂಗಸರ ಗುಂಪಿನ ಜೊತೆ ಮೂರು ವರ್ಷದ ಹಿಂದೆ ತಾನಾಗಿಯೇ ಸೇರಿದವಳು, ಅವನನ್ನು ಕೇಳಿರಲೂ ಇಲ್ಲ. ಮೊದಲ ದಿನ ತಾಕಿನಲ್ಲಿ ಅವಳನ್ನು ಕಂಡಾಗ ಅವನಿಗಾದದ್ದು ಸಂತೋಷವಲ್ಲ, ಅದನ್ನು ಅವನು ಇವತ್ತಿಗೂ ಮರೆತಿಲ್ಲ. ತಾಯಿ ಮುನಿಕೆಂಪಮ್ಮ ಹೋದಾಗ ಅವನಿಗೆ ಒಂದೂವರೆ ವರ್ಷ. ತಾಯಿಯ ತಂಗಿ ಮುನಿಗಂಗಮ್ಮ ಆಗ ಹದಿನಾರರವಳು, ಇವನನ್ನು ಸೊಂಟದ ಮೇಲೆ ಹಾಕಿಕೊಂಡೇ ಮದುವೆಯಾಗಿ ಬಂದಳೆಂದು ಊರಲ್ಲಿ ನಗೆಯಾಡುತ್ತಿದ್ದರು. ಯಲಹಂಕದ ಹೈಸ್ಕೂಲಿಗೆ ಮಧ್ಯಾಹ್ನ ಬಿಸಿ ಮುದ್ದೆಯನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದಳು, ಗೇಟಿನಾಚೆ ಹುಣಸೆಮರದ ಕೆಳಗೆ ಕೂತು ಅವನು ತಿನ್ನುವುದನ್ನು ನೋಡುತ್ತಿದ್ದಳು. ಹೋದ ವರ್ಷ ಇದೇ ತಿಂಗಳಲ್ಲಿ ಡೆಲ್ಲಿಯಿಂದ ಮೂವರು ವಿಜ್ಞಾನಿಗಳು ತಾಕು ನೋಡಲು ಬಂದಿದ್ದರು. ಅವನು ಚಪ್ಪಲಿ ಒರೆಸಿಕೊಂಡು, ಸಾಲುಗಳ ಬಗ್ಗೆ ಇಂಗ್ಲಿಷಿನಲ್ಲಿ ವಿವರಿಸುತ್ತ ನಿಂತಿದ್ದಾಗ ಅವಳು ಕೆಸರುಗೈಯಲ್ಲಿ ಟಿಫಿನ್ ಡಬ್ಬಿ ಹಿಡಿದು ಬದುವಿನ ಮೇಲೆ ಬಂದಳು. ಹಿತಕಿದ ಅವರೆಯ ಸಾರು, ಅವನಿಗಿಷ್ಟವೆಂದು. ಮುನಿ ಎಂದು ಕರೆದಳು. ಬಂದವರಲ್ಲೊಬ್ಬರು ನಗುತ್ತ ಯಾರಿದು ಎಂದು ಕೇಳಿದರು. ಆಂಜಿನಪ್ಪ ಹೇಳಿದ ಮಾತು ಇಂಗ್ಲಿಷಿನದೇ, ನಮ್ಮ ಕೂಲಿಯಾಳುಗಳಲ್ಲಿ ಒಬ್ಬಳು ಎಂದು. ಅವಳಿಗೆ ಇಂಗ್ಲಿಷು ಬರದು. ಆದರೆ ಕೂಲಿ ಎಂಬುದು ಅದರಲ್ಲೂ ಕೂಲಿಯೇ. ಡಬ್ಬಿಯನ್ನು ಪಂಪ್‌ಹೌಸಿನ ಕಟ್ಟೆಯ ಮೇಲಿಟ್ಟು ಹಿಂದಿರುಗಿ ಹೋದಳು. ಆ ದಿನದಿಂದ ತಾಕಿನಲ್ಲಿ ಅವನನ್ನು ಸಾರ್ ಎಂದು ಕರೆಯುತ್ತಾಳೆ. ಅದರಲ್ಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ಅವನಿಗೆ ಬೇಕಾದದ್ದೊಂದನ್ನು ತಂದುಕೊಟ್ಟ ಹಾಗಿತ್ತು.

ಅಳತೆ ಶುರುವಾದದ್ದು ಅದರ ಮಾರನೆಯ ದಿನ. ಅವಳಿಗೆ ಓದು ಬಾರದು. ಚೀಟಿಯ ಅಂಕಿಗಳನ್ನು ಅವನು ಪಕ್ಕದಲ್ಲಿ ನಿಂತು ಕೂಗಿ ಹೇಳಬೇಕಿತ್ತು. ಡೆಲ್ಲಿಯವರು ಇನ್ನೂ ನಾಲ್ಕು ದಿನ ಇದ್ದರು, ತಾಕಿನ ಸುತ್ತ ಓಡಾಡುತ್ತಿದ್ದರು. ಅವನು ಚೀಟಿಯ ಕಂತೆಯನ್ನು ಅವಳ ಕೈಗೆ ಕೊಟ್ಟು, ಖಾದರ್ ಬಾಷಾನ ಹತ್ತಿರ ಓದಿಸಿಕೊ ಎಂದು ಹೇಳಿ, ಕಾರ್ಡು ಕೊರೆಯುವ ನೆಪದಲ್ಲಿ ಆಫೀಸಿನೊಳಗೆ ಸೇರಿಕೊಂಡಿದ್ದ. ನಾಲ್ಕು ದಿನ ಹೊರಗೆ ಬಂದಿರಲಿಲ್ಲ.

ಈಗ ಸೈಕಲ್ಲಿಗೆ ಸ್ಟ್ಯಾಂಡ್ ಹಾಕಿ ಅವಳನ್ನು ನೋಡುತ್ತ ನಿಂತ. ಇವತ್ತು ಅಳತೆಯ ಕೆಲಸವಿರಲಿಲ್ಲ. ಕುಯ್ಲಿಗೆ ಮುಂಚೆ ಬದುವಿನ ಹುಲ್ಲು ತೆಗೆಯುವ ಕೆಲಸ ಇತ್ತು. ಹುಲ್ಲಿಗೆ ಬಗ್ಗಿದವಳು ಏಳುವಾಗೊಮ್ಮೆ ಪಕ್ಕದ ತೆನೆಗಳ ಮೇಲೆ ಕೈಯಾಡಿಸುತ್ತಿದ್ದಳು, ಹಟ್ಟಿಗೆ ಹೋದವಳು ದನದ ಬೆನ್ನು ಸವರುವ ಹಾಗೆ. ಕೈ ಹತ್ತು ತೆನೆ ದಾಟಿಹೋಯಿತು. ಹನ್ನೊಂದನೆಯದರಲ್ಲಿ ನಿಂತಿತು. ಹೆಬ್ಬೆರಳು ತೆನೆಯ ಬೆನ್ನಿಗೆ, ನಾಲ್ಕು ಬೆರಳು ಒಳಗೆ. ಅದನ್ನು ಸ್ವಲ್ಪ ಬಗ್ಗಿಸಿ, ಕತ್ತಿನ ಹಸಿರು ಉಳಿದಿದೆಯೇ ನೋಡಿ, ಬಿಟ್ಟಳು. ಅವನ ಕಣ್ಣ ಮುಂದೆ ಬಂದದ್ದು ತಾನು ಸಣ್ಣವನಿದ್ದಾಗಿನ ಮಾಗಿಯ ಚಳಿ, ಪುಟ್ಟೇನಹಳ್ಳಿಯ ಕೆರೆ ಹಿಂದಿನ ಹೊಲ. ಕುಯ್ಲಿಗೆ ಮುಂಚಿನ ಬೆಳಿಗ್ಗೆ ಮನೆಯ ಹೆಂಗಸು ಒಬ್ಬಳೇ ಹೊಲಕ್ಕೆ ಇಳಿಯಬೇಕು, ಬರಿ ಹೊಟ್ಟೆಯಲ್ಲಿ, ಮಾತಾಡದೆ. ಮುಂದಿನ ವರ್ಷದ ಬೀಜಕ್ಕೆ ತೆನೆ ಆಯಬೇಕು. ಅಂಚಿನ ಸಾಲಿನದು ಬೇಡ, ಹಕ್ಕಿ ಬಾಯಿಟ್ಟದ್ದು ಬೇಡ, ಎತ್ತರಕ್ಕೆ ಹೋಗಿ ಬಾಗಿದ್ದು ಬೇಡ. ಗಿಡ್ಡವಾದರೂ ಸೈ, ಬೆರಳು ಒಳಕ್ಕೆ ಮಡಿಸಿ ಮುಷ್ಟಿ ಹಿಡಿದಿರುವಂಥದು ಬೇಕು. ಆರು ವರ್ಷದ ಮುನಿ ಸೆರಗು ಹಿಡಿದು ಹಿಂದೆ ನಡೆಯುತ್ತಿದ್ದ, ಅವನಿಗೂ ಮಾತಾಡುವ ಹಾಗಿರಲಿಲ್ಲ. ಒಂದೊಂದು ತೆನೆ ಕಿತ್ತು ಅವಳು ಅವನ ಕೈಗೆ ಕೊಡುತ್ತಿದ್ದಳು. ಮಂಜಿಗೆ ತಣ್ಣಗಾದ, ಬಿಗಿಯಾದ ಸಣ್ಣ ಮುಷ್ಟಿ, ತನ್ನ ಮುಷ್ಟಿಯಷ್ಟೇ ದೊಡ್ಡದು. ಮನೆಗೆ ಬಂದ ಮೇಲೆ ಒಲೆಯ ಮೇಲಿನ ತೊಲೆಗೆ ಕಟ್ಟುತ್ತಿದ್ದಳು, ವರ್ಷವಿಡೀ ಹೊಗೆ ಕುಡಿಯಲೆಂದು.

ಗಿಡ್ಡ ಗಿಡ, ತೂಕದ ತೆನೆ, ಅಗಲದ ಬೆರಳು. ಐದನೆಯ ಅಧ್ಯಾಯದ ಮೊದಲ ವಾಕ್ಯವೇ ಅದು.

ಅವನು ನಿಂತಲ್ಲೇ ಬದುವಿನ ಮೇಲೆ ಕುಳಿತ. ಅವಳು ನೋಡಿ, ಕುಡುಗೋಲು ಕೆಳಗಿಟ್ಟು ಹತ್ತಿರ ಬಂದಳು. ಸುತ್ತ ಯಾರಿಲ್ಲವೆಂದು ಕಂಡುಕೊಂಡರೂ ದನಿ ತಗ್ಗಿಸಿಯೇ, ಯಾಕ್ ಸಾ, ಒಟ್ಟೆಗೇನೂ ತಿಂದಿಲ್ವಾ ಎಂದು ಕೇಳಿದಳು. ಅವನು ಹೋದ ವರ್ಷದ ಚೀಟಿಗಳ ವಿಷಯ ಎತ್ತಿದ. ಅವಳು ಮುಖ ಅರಳಿಸಿ, ಐತಲ್ಲ, ಒಂದೂ ಕಳೆದಿಲ್ಲ, ದೇವರ ಗೂಡಿನಲ್ಲಿ ಇಟ್ಟಿದ್ದೀನಿ ಎಂದಳು. ಖಾದರ್ ಬಾಷಾನ ಹತ್ತಿರ ಓದಿಸಲಿಲ್ಲವೇ ಎಂದ. ಮೊದಲ ದಿನ ಒಂದು ಸಾಲು ಓದಿಸಿದ್ದಳಂತೆ. ಚೀಟಿ ತೋರಿಸಿದ್ದು ಒಂದು ಕಾಡಿಗೆ ರೋಗ ಬಿದ್ದು ಕಪ್ಪಾದ ತೆನೆ, ಒಂದು ಇಲಿ ಕಡಿದದ್ದು. ಆಮೇಲೆ ಓದಿಸಲಿಲ್ಲ.

"ಅಂಥವಾ ಕಿತ್ಕೊಂಡೋಗಿ ನಿನ್ ಮೇಜಿನ್ ಮ್ಯಾಲೆ ಎಂಗಿಕ್ಲಿ?" ಸಾರ್ ಅನ್ನುವುದು ಅವಳಿಗೆ ಮರೆತುಹೋಗಿತ್ತು. "ದೊಡ್‌ದೊಡ್ಡೋರು ಬಂದವ್ರೆ, ನಮ್ಮುಡ್ಗ ಅವ್ರ ಮುಂದೆ ನಿಂತ್ಕೊಂಡು ಏಳ್ಬೇಕು. ಅವುನ್ ಕೈಯಾಗೆ ಬಡಕ್ಲು ತೆನೆ ಕೊಟ್ರೆ ನಗಾಡಾಕಿಲ್ವಾ? ಅದುಕ್ಕೇ ಬೀಜದ್ ತೆನೆನೇ ಆಯ್ದೆ. ಐವತ್ತಾರು ಸಾಲ್ಗೂವೆ. ಯಾಕೆ, ಏನಾರ ಎಚ್ಚುಕಮ್ಮಿ ಆಯ್ತಾ?"

ಅವನು ಇಲ್ಲವೆಂದು ತಲೆಯಾಡಿಸಿದ. ಇಲ್ಲ, ಏನೂ ಆಗಿಲ್ಲ.

ಅವಳು ಹೋದ ಮೇಲೆ ಪಂಪ್‌ಹೌಸಿನ ಒಳಗೆ, ಮೋಟಾರಿನ ಪಕ್ಕದಲ್ಲಿ, ಹಾಳೆ ಬಿಚ್ಚಿ ನೆಲದ ಮೇಲೆ ಹರಡಿದ. ಮೂಲೆಗಳಿಗೆ ನಾಲ್ಕು ಕಲ್ಲು ಇಟ್ಟ. ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದೂ ಇಲ್ಲ. ಖಾದರ್ ಬಾಷಾನಿಗೆ ಚೀಟಿ ಓದಿಸಲಿಲ್ಲವೆಂದು ಗೊತ್ತು, ಐಗನ್ ಮೌಲ್ಯ ಗೊತ್ತಿಲ್ಲ. ಸಾಹೇಬರಿಗೆ ಐಗನ್ ಮೌಲ್ಯ ಗೊತ್ತು, ಚೀಟಿ ಗೊತ್ತಿಲ್ಲ. ಚುಕ್ಕಿ ಒಂದಕ್ಕಿಂತ ಮೇಲಿದೆ, ಸೋಮಾರಿಗಳ ಕಾನೂನಾದರೂ ಕಾನೂನೇ, ಪುಸ್ತಕದಲ್ಲಿದೆ. ನಾಲ್ಕು ಗಂಟೆಗೆ ಸಹಿ ಬೀಳುತ್ತದೆ, ಡೈರೆಕ್ಟರು ಹೇಳಿದ ಜಾಗ ಸಿಗುತ್ತದೆ. ಹೀಗೆಲ್ಲ ಯೋಚಿಸುತ್ತಿರುವವನು ತಾನೇ ಎಂದು ತಿಳಿದೂ ಯೋಚನೆ ನಿಲ್ಲಲಿಲ್ಲ, ಮೋಟಾರಿನ ಸದ್ದಿನ ಜೊತೆ ಓಡುತ್ತಿತ್ತು. ನಡುವೆ ಇನ್ನೊಂದು ಬಂತು. ನೂರಹನ್ನೆರಡು ಸಾಲು, ಐನೂರರವತ್ತು ಗಿಡ, ಏಳು ಸಾವಿರಕ್ಕೂ ಮೀರಿದ ಅಂಕಿಗಳು. ಅದರೊಳಗೆ ಮಣ್ಣು, ಮಳೆ, ಗೊಬ್ಬರ, ಗಾಳಿ, ಕಾರ್ಡು ಕೊರೆದವನ ತೂಕಡಿಕೆ, ಎಲ್ಲವೂ ಸೇರಿದೆ. ಇಷ್ಟೆಲ್ಲವನ್ನೂ ಕಂಪ್ಯೂಟರು ಜಾಲಾಡಿ, ಬೆಳವಣಿಗೆ ಒಂದು, ಮಾಗುವ ಕಾಲ ಎರಡು ಎಂದು ಹೇಳಿದ ಮೇಲೆ ಮೂರನೆಯದಾಗಿ ಎತ್ತಿ ತೋರಿಸಿದ್ದು ಅವಳ ಕೈಯನ್ನು. ಒಟ್ಟು ಏರುಪೇರಿನಲ್ಲಿ ನೂರಕ್ಕೆ ಒಂಬತ್ತು ಪಾಲು. ಅವಳ ಹೆಸರು, ಊರು ತಿಳಿಯದ ಯಂತ್ರಕ್ಕೆ ಅವಳು ಕಂಡಿದ್ದಳು. ಪಕ್ಕದಲ್ಲಿ ನಿಲ್ಲಬೇಕಾದವನು ಆಫೀಸಿನಲ್ಲಿ ಅವಿತು ಕೂತಿದ್ದ. ನಾಲ್ಕು ರಾಗಿಕಾಳಿನಷ್ಟು ಎತ್ತರಕ್ಕೆ ಎದ್ದು ಆರು ತಿಂಗಳು ಅವನನ್ನು ಬಿಡದೆ ದಿಟ್ಟಿಸಿದ ಆ ಚುಕ್ಕಿಯ ಮೇಲೆ ಅವನಿಗೆ ಮೊದಲ ಸಲ ಸಿಟ್ಟಿರಲಿಲ್ಲ. ಬೆರಳಿನಿಂದ ಮುಟ್ಟಿದ. ಪೆನ್ಸಿಲಿನ ಕಪ್ಪು ಬೆರಳಿಗೆ ಅಂಟಿತು.

ಮೊಯಿನುದ್ದೀನ್ ಸಾಹೇಬರ ಕೋಣೆಯಲ್ಲಿ ಸಂಜೆ ಬಿಸಿಲು ಮೇಜಿನ ಅರ್ಧಕ್ಕೆ ಬಂದಿತ್ತು. ಟೈಪಾದ ಪ್ರಬಂಧ, ಪಕ್ಕದಲ್ಲಿ ಮುಚ್ಚಳ ತೆಗೆದ ಪೆನ್ನು. ಅವನು ಕೂರಲಿಲ್ಲ. ಹಾಳೆಯನ್ನು ಪ್ರಬಂಧದ ಮೇಲೇ ಹರಡಿದ. ಸಾಲುಗಳ ಪಟ್ಟಿಗೆ ಮಧ್ಯಾಹ್ನ ಬಣ್ಣ ಹಾಕಿದ್ದ, ಪಡುವಲಿಗೆ ಕೆಂಪು, ಮೂಡಲಿಗೆ ನೀಲಿ. ಮೂರನೆಯ ಎಳೆಯ ಲೆಕ್ಕದಲ್ಲಿ ಜೋಡಿಸಿದರೆ ಕೆಂಪೆಲ್ಲ ಮೇಲೆ, ನೀಲಿಯೆಲ್ಲ ಕೆಳಗೆ, ನಾಲ್ಕೈದು ಮಾತ್ರ ದಾರಿ ತಪ್ಪಿದ್ದವು. ಸಾಹೇಬರು ಬಹಳ ಹೊತ್ತು ನೋಡಿದರು. ಐವತ್ತಾರು, ಐವತ್ತೇಳು ಎಂದು ತಮ್ಮಷ್ಟಕ್ಕೆ ಹೇಳಿಕೊಂಡು, ಉಕ್ಕಿನ ಸ್ಕೇಲನ್ನು ಆ ಎರಡರ ನಡುವೆ ಇಟ್ಟರು. ಕನ್ನಡಕ ತೆಗೆದು ಒರೆಸಿಕೊಂಡರು.

"ಎಷ್ಟು ಇಟ್ಕೋತೀಯ ಹಾಗಾದ್ರೆ?"

"ಎರಡು ಸಾರ್."

"ಮೂರನೇದು ಕಲ್ಲುರಾಶಿನಾ?"

"ಅಲ್ಲ ಸಾರ್. ಅದು ನಿಜವಾದ್ದೇ. ಆದ್ರೆ ಗಿಡದ್ದಲ್ಲ. ತೆನೆ ಆಯ್ದ ಕೈಯದು." ಚೀಟಿಯ ವಿಷಯ ಹೇಳಿದ. ತಾನು ನಾಲ್ಕು ದಿನ ತಾಕಿಗೆ ಇಳಿಯಲಿಲ್ಲವೆಂದು ಹೇಳಿದ. ಬೀಜದ ತೆನೆ ಹೇಗೆ ಆಯುತ್ತಾರೆ ಎಂಬುದನ್ನೂ ಹೇಳಿದ, ಹೇಳುವಾಗ ಅವನ ಬಲಗೈ ಗಾಳಿಯಲ್ಲಿ ತಾನಾಗಿ ತೆನೆ ಹಿಡಿದಿತ್ತು.

ಸಾಹೇಬರು ಅವನ ಕೈಯನ್ನೇ ನೋಡುತ್ತಿದ್ದರು. "ಯಾರ ಕೈ?" ಎಂದು ಕೇಳಿದರು. ಕೂಲಿಯವರಲ್ಲಿ ಯಾರು ಎಂದಷ್ಟೇ ಅದರ ಅರ್ಥವಿರಬೇಕು. ಮುನಿಗಂಗಮ್ಮ ಎಂದರೆ ಸಾಕಿತ್ತು. ಹಾಜರಿ ಪುಸ್ತಕದಲ್ಲಿ ಇರುವ ಹೆಸರು. ಕಿಟಕಿಯಾಚೆ ಯಾರೋ ಸೈಕಲ್ ಬೆಲ್ಲು ಬಾರಿಸುತ್ತ ಹೋದರು.

"ನಮ್ಮ ಚಿಕ್ಕಮ್ಮಂದು ಸಾರ್. ನನ್ನ ಸಾಕಿದೋರು. ಪಡುವಲ ಕಡೆ ಕೆಲಸ ಮಾಡ್ತಾರಲ್ಲ, ಅವರೇ."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಆ ಸಣ್ಣ ಟಕ್ ಶಬ್ದ ಕೇಳಿ ಆಂಜಿನಪ್ಪನಿಗೆ ಎದೆ ಹಗುರಾಯಿತೋ ಬರಿದಾಯಿತೋ ತಿಳಿಯಲಿಲ್ಲ. ಫ್ಲಾಸ್ಕು ತೆಗೆದು, ಮುಚ್ಚಳದಲ್ಲಿ ಟೀ ಬಗ್ಗಿಸಿ, ಈ ಸಲ ಮೊದಲು ಅವನ ಮುಂದೆ ಇಟ್ಟರು. ಆಮೇಲೆ ನಿಧಾನವಾಗಿ, ಪಾಠದ ದನಿಯಲ್ಲಿ ಹೇಳತೊಡಗಿದರು. ಈ ವರ್ಷದ ಬೆಳೆ ನಿಂತಿದೆ, ಕುಯ್ಲಿಗೆ ಆರು ದಿನ ಇದೆ, ಎರಡೂ ಕಡೆ ಚೀಟಿಯ ಪ್ರಕಾರ ಅಳೆಯಬೇಕು, ನೀನೇ ನಿಂತು. ಮತ್ತೆ ಕಾರ್ಡು, ಮತ್ತೆ ಕಂಪ್ಯೂಟರು, ಆರು ತಿಂಗಳು ಹೋಗುತ್ತದೆ. ಡೈರೆಕ್ಟರಿಗೆ ನಾನು ಹೇಳುತ್ತೇನೆ, ಅವರಿಗೆ ಬೇಜಾರಾಗುತ್ತದೆ, ಆ ಜಾಗ ಬೇರೆಯವರಿಗೆ ಹೋದರೂ ಹೋಗಬಹುದು. ಹಳೆಯ ಅಂಕಿಗಳನ್ನು ಎಸೆಯಬೇಡ. ಬೀಜದ ತೆನೆಗೂ ಚೀಟಿಯ ತೆನೆಗೂ ಎಷ್ಟು ಅಂತರ ಎಂದು ಅಳೆದವರನ್ನು ನಾನು ಕಂಡಿಲ್ಲ, ಆಯಮ್ಮ ಐವತ್ತಾರು ಸಾಲಿನಲ್ಲಿ ಅಳೆದು ಕೊಟ್ಟಿದ್ದಾರೆ. ಹೀಗೆಂದು, ಟೀ ಆರುತ್ತಿದೆ ಕುಡಿ ಎಂದರು. ಅವನು ಕುಡಿದ. ಮೂರು ಸಲ, ಮೂರು ತಿಂಗಳಲ್ಲಿ, ಇದೇನು ಎಂದು ಕೇಳಿ ಉತ್ತರಕ್ಕೆ ಒತ್ತಾಯಿಸದೆ ಬಿಟ್ಟದ್ದು ಯಾಕೆಂದು ಅವನಿಗೆ ಆಗ ಹೊಳೆಯಿತು. ಗೊತ್ತಿಲ್ಲದೆ ಅಲ್ಲ. ಕಾದಿದ್ದರು. ಥ್ಯಾಂಕ್ಸ್ ಸಾರ್ ಎನ್ನಲು ಹೋದವನು ಖಾಲಿ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟ.

ಕೋಣೆಗೆ ಬಂದು ದೀಪ ಹಚ್ಚಿ, ಪ್ರಬಂಧದ ಐದನೆಯ ಅಧ್ಯಾಯವನ್ನು ದಾರ ಬಿಚ್ಚಿ ತೆಗೆದ. ಗ್ರಾಫಿನ ಮೇಲೆ ಎರಡನೆಯ ಮತ್ತು ಮೂರನೆಯ ಚುಕ್ಕಿಯ ನಡುವೆ ಸ್ಕೇಲಿಟ್ಟು ಗೆರೆ ಎಳೆದ. ಗೆರೆಯ ಪಕ್ಕದಲ್ಲಿ, ಇಂಗ್ಲಿಷಿಗೆ ಆಮೇಲೆ ತಿರುಗಿಸಿದರಾಯಿತೆಂದು, ಕನ್ನಡದಲ್ಲೇ ಬರೆದ: ಮೂರನೆಯ ಘಟಕವನ್ನು ಇಟ್ಟುಕೊಂಡಿಲ್ಲ. ಅದು ರಾಗಿಯ ಗುಣವಲ್ಲ. ಪುಟ್ಟೇನಹಳ್ಳಿಯ ಮುನಿಗಂಗಮ್ಮನವರು ಬೀಜಕ್ಕೆ ತೆನೆ ಆಯುವ ಕಣ್ಣು. ಬರೆದುದನ್ನು ಎರಡು ಸಲ ಓದಿದ. ಕೆಳಗೆ ಸಹಿ ಹಾಕುವಾಗ ಪಿ. ಎಂ. ಎಂದು ಶುರುಮಾಡಿ, ಹೊಡೆದುಹಾಕಿ, ಹೆಸರನ್ನು ಪೂರ್ತಿಯಾಗಿ ಬರೆದ.

ಮಾರನೆಯ ಬೆಳಿಗ್ಗೆ ತಾಕಿನಲ್ಲಿ ಜನ ತುಂಬಿದ್ದರು. ಬೇರೆ ಕಾಲೇಜಿನ ಹುಡುಗರ ತಂಡವೊಂದು ನೋಟ್‌ಬುಕ್ಕು ಹಿಡಿದು ಕಾಲುವೆಯ ಏರಿಯ ಮೇಲೆ ನಿಂತಿತ್ತು, ಅವರ ಮೇಷ್ಟರು ಏನೋ ವಿವರಿಸುತ್ತಿದ್ದರು. ಖಾದರ್ ಬಾಷಾ ಹೊಸ ಚೀಟಿಗಳ ಕಂತೆಯನ್ನು ನೋಡಿ, ಅರೆ, ಮತ್ತೆ ಮೊದಲಿಂದಾನಾ, ಹೆಣ್ಣಿನ ಕಡೆಯವರು ಒಪ್ಪಲಿಲ್ವಾ ಎಂದು ಕೇಳಿದ. ಒಪ್ಪಿದ್ರು, ಹೆಸರು ತಪ್ಪು ಹೇಳಿದ್ದೆ ಅಷ್ಟೇ ಎಂದು ಆಂಜಿನಪ್ಪ ಪ್ಯಾಂಟು ಮಡಿಸಿ ಪಡುವಲ ಸಾಲುಗಳಿಗೆ ಇಳಿದ. ಮಂಜಿಗೆ ತೊಯ್ದ ರಾಗಿ ಮೊಣಕಾಲಿಗೆ, ತೊಡೆಗೆ ಒರೆಸಿ ತಣ್ಣಗೆ ಹತ್ತಿತು. ಮುನಿಗಂಗಮ್ಮ ಮೊದಲ ಸಾಲಿನ ತಲೆಯಲ್ಲಿ ಸಿದ್ಧವಾಗಿ ನಿಂತಿದ್ದಳು. ಚೀಟಿ ಯಾಕೆ, ಯಾವ ಗಿಡವಾದರೂ ಕೀಳಲೇಬೇಕು ಯಾಕೆ ಎಂದು ನಿನ್ನೆ ಸಂಜೆಯೇ ಬಸ್ ಸ್ಟಾಪಿನಲ್ಲಿ ಕೂರಿಸಿಕೊಂಡು ಹೇಳಿದ್ದ. ಎಲ್ಲವನ್ನೂ ಕೇಳಿ, ಆಗ್ಲಿ, ಬಡವುಕ್ಕೂ ಒಂದು ಲೆಕ್ಕ ಇರ್ಬೇಕು ಬಿಡು ಎಂದಿದ್ದಳು, ಅರ್ಥವಾದ ಹಾಗೂ ಅಲ್ಲ, ಆಗದ ಹಾಗೂ ಅಲ್ಲ.

ಅವಳು ಸಾಲಿನೊಳಗೆ ನಡೆದಳು. ಅವನು ಚೀಟಿ ನೋಡಿ ಹೇಳಿದಂತೆ ನಾಲ್ಕನೆಯ ಗಿಡ ಕಿತ್ತಳು, ಒಂಬತ್ತನೆಯದು ಕಿತ್ತಳು. ಒಂಬತ್ತನೆಯದು ನಿಜವಾಗಿಯೂ ಬಡಕಲು, ಅದನ್ನು ಹಿಡಿದು ಅವನ ಕಡೆ ತಿರುಗಿ ಹುಬ್ಬು ಗಂಟಿಕ್ಕಿದಳು. ಅವನು ತಲೆಯಾಡಿಸಿದ. ಬುಟ್ಟಿಗೆ ಹಾಕಿದಳು. ಅಲ್ಲಿಂದ ಮುಂದೆ ಬೆಳೆ ಒತ್ತಾಗಿತ್ತು. ಬಗ್ಗಿದ ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಕಾಲುವೆಯ ಏರಿಯಿಂದ ಹುಡುಗರು, ಅವರ ಮೇಷ್ಟರು, ಎಲ್ಲರೂ ಇತ್ತಲೇ ನೋಡುತ್ತಿದ್ದರು. ಆಂಜಿನಪ್ಪ ಮುಂದಿನ ಚೀಟಿ ಬಿಡಿಸಿ, ಇಡೀ ತಾಕಿಗೆ ಕೇಳುವ ಹಾಗೆ ಕೂಗಿದ.

"ಚಿಕ್ಕಮ್ಮಾ, ಹದಿನೇಳು."

ರಾಗಿಯ ನಡುವೆ ಅವಳ ಬೆನ್ನು ಒಂದು ಗಳಿಗೆ ಅಲುಗಾಡದೆ ನಿಂತಿತು. ಎದ್ದು ನೋಡಲಿಲ್ಲ.

"ತಡಿಯೋ ಮುನಿ," ಎಂದಳು, "ಎಣುಸ್ತಾ ಇವ್ನಿ."